ಹುಸೇನಪ್ಪ ಟವರು ಹುಡುಕಿದ್ದು

ಕೆಮ್ಮಣ್ಣಿನ ಹೊಳೆದಂಡೆಯಲ್ಲಿ ಅರ್ಧಕ್ಕೆ ನಿಂತ ಒಂದು ಹೋಂಸ್ಟೇ ಉಂಟು. ಕಂಬ ಎದ್ದಿದೆ, ಸ್ಲ್ಯಾಬು ಬಿದ್ದಿದೆ, ಗೋಡೆ ಮಾತ್ರ ಸೊಂಟದ ಮಟ್ಟಕ್ಕೆ ಬಂದು ಅಲ್ಲೇ ನಿಂತುಬಿಟ್ಟಿದೆ. ಹೊಳೆಗೆ ಇಷ್ಟು ಹತ್ತಿರ ಕಟ್ಟಬಾರದೆಂದು ಯಾರೋ ಅರ್ಜಿ ಹಾಕಿದರಂತೆ. ಧಣಿ ಲಿಯೋನೆಲ್ ಉಡುಪಿಯಲ್ಲಿ ವಕೀಲರ ಮನೆಗೆ ಅಲೆಯುತ್ತಿದ್ದಾರೆ. ಮೇಸ್ತ್ರಿ ತನ್ನ ಜನರನ್ನು ಕರೆದುಕೊಂಡು ಮಣಿಪಾಲದ ಬೇರೆ ಕೆಲಸಕ್ಕೆ ಹೋದ. ಉಳಿದ ಕಬ್ಬಿಣ, ಸಿಮೆಂಟು, ನೀರಿನ ಪಂಪು ಇವನ್ನೆಲ್ಲ ಕಾಯಲು ಒಬ್ಬ ಬೇಕಲ್ಲ? ಯಾರು ಏನು ಹೇಳಿದರೂ ಆಗಲಿ ಎನ್ನುವ ಒಬ್ಬ ಮನುಷ್ಯ ಆ ಗುಂಪಿನಲ್ಲಿದ್ದ. ಅವನೇ ಹುಸೇನಪ್ಪ.

ಕುಷ್ಟಗಿ ಕಡೆಯವನು. ಕರಾವಳಿಗೆ ಬಂದಾಗ ಮೀಸೆ ಕಪ್ಪಗಿತ್ತು, ಈಗ ಹುಬ್ಬೂ ಬೆಳ್ಳಗಾಗಿದೆ. ಕಾರ್ಕಳದಲ್ಲಿ ಕಲ್ಲು ಹೊತ್ತ, ನಂದಿಕೂರಿನಲ್ಲಿ ವಿದ್ಯುತ್ ಸ್ಥಾವರ ಏಳುವಾಗ ಕಾಂಕ್ರೀಟು ಹೊತ್ತ, ಕಾಪುವಿನಲ್ಲಿ ಹೆದ್ದಾರಿಗೆ ಮಣ್ಣು ಹೊತ್ತ. ಉಡುಪಿಯಿಂದ ಮಣಿಪಾಲದವರೆಗೆ ರಸ್ತೆ ಬದಿಯಲ್ಲಿ ಟೆಲಿಫೋನ್ ಕೇಬಲ್ಲಿಗೆ ಹೊಂಡ ತೋಡಿದವರಲ್ಲೂ ಅವನಿದ್ದ. ಊರವರೆಲ್ಲ ಮಾತಾಡಿಕೊಳ್ಳಲಿ ಎಂದು ಬೆವರು ಸುರಿಸಿದವನಿಗೆ ಈಗ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ. ಇದಕ್ಕೆ ಏನು ಹೇಳುತ್ತೀರಿ?

ಇಲ್ಲಿಯ ಜನ ಕೆಟ್ಟವರೆಂದಲ್ಲ. ತಮ್ಮೊಳಗೆ ತುಳು ಆಡುತ್ತಾರೆ, ಅವನನ್ನು ಕಂಡ ಕೂಡಲೇ ಕನ್ನಡಕ್ಕೆ ಬರುತ್ತಾರೆ. ಆದರೆ ಆ ಕನ್ನಡ ಕೇಳಿದರೆ ಹುಸೇನಪ್ಪನಿಗೆ ಮಾಸ್ತರರ ಎದುರು ನಿಂತ ಹಾಗೆ ಆಗುತ್ತಿತ್ತು. ಬೇಕಾದ ಸಾಮಾನು ಕೇಳಬಹುದು, ದಾರಿ ಕೇಳಬಹುದು, ಮನಸ್ಸು ಬಿಚ್ಚಿ ಹರಟಲು ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ಗುಂಪು ಇದ್ದಾಗ ಸಂಜೆ ರೊಟ್ಟಿ ಬಡಿಯುತ್ತಾ ಊರಿನ ಸುದ್ದಿ, ಬೈಗುಳ, ನಗು ಎಲ್ಲ ಇರುತ್ತಿತ್ತು. ಈಗ ಬೆಳಗಿನಿಂದ ಬೈಗಿನವರೆಗೆ ನಾಯಿಗೆ ಹಚಾ ಎಂದದ್ದು ಬಿಟ್ಟರೆ ಬಾಯಿ ತೆರೆಯದ ದಿನಗಳೂ ಇದ್ದವು. ಸುತ್ತಿ ಬಳಸಿ ಯಾಕೆ ಹೇಳಬೇಕು, ಅವನಿಗೆ ಎಷ್ಟೋ ಸಲ ಅಳು ಬರುತ್ತಿತ್ತು.

ಹೆಂಡತಿ ತೀರಿಹೋಗಿ ಬಹಳ ಕಾಲವಾಯಿತು. ಇರುವುದು ಒಬ್ಬಳೇ ಮಗಳು, ರಾಜಶ್ರೀ. ಇಳಕಲ್ಲಿನ ಹತ್ತಿರ ಕೊಟ್ಟಿದ್ದಾನೆ. ಅಳಿಯ ದುರ್ಗೇಶ ಗೂಡ್ಸ್ ಟೆಂಪೋ ಓಡಿಸುತ್ತಾನೆ, ಮನೆಗಿರುವ ಒಂದು ಫೋನು ದಿನವಿಡೀ ಅವನ ಜೇಬಿನಲ್ಲೇ ಊರೂರು ತಿರುಗುತ್ತದೆ. ರಾಜಶ್ರೀ ಪಕ್ಕದ ಮನೆಯವಳ ಫೋನು ಬೇಡಿ ತಂದೆಗೆ ಕರೆ ಮಾಡಬೇಕು. ಅದೂ ಆ ಮನೆಯವಳ ಕೈ ಖಾಲಿ ಇದ್ದಾಗ, ಅತ್ತೆಗೆ ನಿದ್ದೆ ಹತ್ತಿದಾಗ. ಇಂಥ ಹೊತ್ತೆಂದು ಇಲ್ಲ. ಮರಳಿ ಕರೆ ಮಾಡಿದರೆ ನೆರೆಯವರಿಗೆ ಕಿರಿಕಿರಿ ಆಗುತ್ತದೆ, ನೀನು ಮಾಡಬೇಡ, ನಾನೇ ಮಾಡುತ್ತೇನೆ ಎಂದು ಮಗಳೇ ಹೇಳಿಟ್ಟಿದ್ದಳು. ಅವಳ ಮುಖ ನೋಡದೆ ಎರಡು ಮಳೆಗಾಲ ಕಳೆದಿತ್ತು. ಆ ಕರೆಯೊಂದೇ ಹುಸೇನಪ್ಪನ ಆಸ್ತಿ.

ಅದಕ್ಕೇ ಕಲ್ಲು ಬಿತ್ತು. ಕೆಮ್ಮಣ್ಣಿಗೆ ಬಂದ ಮೇಲೆ ಅವನ ಫೋನಿಗೆ ಟವರು ಸಿಗಲೇ ಇಲ್ಲ. ಅವನಿಗೆ ಇರಲು ಹಾಕಿಕೊಟ್ಟ ತಗಡಿನ ಕೋಣೆಯಲ್ಲಿ ಇಲ್ಲ, ಸ್ಲ್ಯಾಬಿನ ಮೇಲೆ ಇಲ್ಲ, ತೆಂಗಿನ ಬುಡದಲ್ಲಿ ಇಲ್ಲ. ಒಂದಿಷ್ಟು ದೂರ ನಡೆದು ತೂಗುಸೇತುವೆಯ ನಡುಮಧ್ಯಕ್ಕೆ ಹೋದರೆ ಎರಡು ಗೆರೆ ಮೂಡುತ್ತಿದ್ದವು. ಪ್ರತಿ ಸಂಜೆ ಅಲ್ಲಿ ಹೋಗಿ ನಿಲ್ಲುತ್ತಿದ್ದ. ಫೋಟೋ ತೆಗೆಯಲು ಬಂದ ಮಂದಿ ಸ್ವಲ್ಪ ಸರಿಯಿರಿ ಅಜ್ಜಾ ಎನ್ನುತ್ತಿದ್ದರು, ಅವನು ಸರಿಯುತ್ತಿದ್ದ, ಸರಿದರೆ ಗೆರೆ ಮಾಯ. ಮಗಳು ಮಾಡುವುದು ಹೆಚ್ಚಾಗಿ ಮಧ್ಯಾಹ್ನ, ಇವನು ನಿಲ್ಲುವುದು ಸಂಜೆ. ಒಂದು ಸಲ ಅಪ್ಪಿತಪ್ಪಿ ಸಿಕ್ಕಿದಾಗ ಅವಳು ಕೇಳಿದ್ದೇ ಅದು, ಎಷ್ಟು ಸಲ ಮಾಡಿದರೂ ವ್ಯಾಪ್ತಿ ಪ್ರದೇಶದ ಹೊರಗೆ ಎಂದು ಹೆಂಗಸೊಬ್ಬಳು ಹೇಳುತ್ತಾಳಲ್ಲ, ನೀನು ಎಲ್ಲಿದ್ದೀ ಎಂದು.  ಫೋನಿನ ಕಂಪನಿ ಬದಲಿಸಿಯೇ ಸೈ ಎಂದು ಹುಸೇನಪ್ಪ ಆ ದಿನವೇ ಗಟ್ಟಿ ಮಾಡಿಕೊಂಡ.

ಕೆಮ್ಮಣ್ಣು ಪೇಟೆಯಲ್ಲಿ ಲೀಲಾಧರನ ಅಂಗಡಿ. ಕರೆನ್ಸಿ ಹಾಕುವುದು, ಸಿಮ್ ಮಾರುವುದು, ಒಡೆದ ಗ್ಲಾಸಿಗೆ ಹೊಸ ಗ್ಲಾಸು ಕೂರಿಸುವುದು ಅವನ ಕಸುಬು. ಬಾಯಿ ಜೋರು, ಮನಸ್ಸು ಮೆತ್ತಗೆ. ಅವನು ಹೊಸ ಸಿಮ್ಮೇ ತೆಗೆದುಕೋ, ಹೊಸ ನಂಬರು, ಕೂಡಲೇ ಕೊಡುತ್ತೇನೆ ಎಂದ. ಹುಸೇನಪ್ಪ ಒಪ್ಪಲಿಲ್ಲ. ಈ ನಂಬರು ಮಗಳಿಗೆ ಶಾಲೆಗೆ ಹೋಗುವಾಗಿನಿಂದ ಬಾಯಿಪಾಠ, ಯಾರ ಫೋನು ಕೈಗೆ ಸಿಕ್ಕಿದರೂ ಅವಳ ಬೆರಳು ತಾನಾಗಿ ಒತ್ತುವುದು ಇದನ್ನೇ. ನಂಬರು ಇದೇ ಇರಬೇಕು, ಕಂಪನಿ ಮಾತ್ರ ಬೇರೆ ಬೇಕು.

"ಹಾಗಾದರೆ ಪೋರ್ಟ್ ಮಾಡಬೇಕು ಮಾರಾಯ," ಎಂದ ಲೀಲಾಧರ. "ಮೊದಲು ಯಾವ ಕಂಪನಿಯ ಟವರು ನಿನ್ನ ಕೋಣೆಯಲ್ಲಿ ಸಿಗ್ತದೆ ನೋಡು. ನಾನು ಇದೇ ಒಳ್ಳೇದು ಅಂತ ಕೊಟ್ಟು, ಆಮೇಲೆ ಅಲ್ಲಿ ಸಿಗದಿದ್ದರೆ ನನಗೆ ಬೈತಿ ಅಲ್ವಾ?"

ಹುಸೇನಪ್ಪ ಹುಡುಕಲು ಹೊರಟ ಕ್ರಮವನ್ನು ಕೇಳಬೇಕು ನೀವು. ಹೆಣ್ಣು ನೋಡಲು ಹೋದವರೂ ಇಷ್ಟು ಪರೀಕ್ಷೆ ಮಾಡಲಿಕ್ಕಿಲ್ಲ. ಕೋಣೆಯ ಹತ್ತಿರ ಯಾರು ಹಾದರೂ ಒಂದು ನಿಮಿಷ ಫೋನು ಕೊಡ್ರಿ ಎಂದು ಕೈಯೊಡ್ಡುತ್ತಿದ್ದ. ದಾರಿ ತಪ್ಪಿ ಬಂದ ಲಾರಿಯವನ ಫೋನು, ತೆಂಗಿನಕಾಯಿ ಕೀಳಲು ಬಂದವನ ಫೋನು, ಧಣಿ ಲಿಯೋನೆಲ್ ಒಮ್ಮೆ ಬಂದಾಗ ಅವರ ದೊಡ್ಡ ಫೋನು. ಎಲ್ಲವನ್ನೂ ಚಾಪೆಯ ತಲೆದೆಸೆಯಲ್ಲಿಟ್ಟು, ಒಲೆಯ ಪಕ್ಕ ಇಟ್ಟು, ಬಗ್ಗಿ ಗೆರೆ ನೋಡುತ್ತಿದ್ದ. ಕಂಪನಿಗಳ ಹೆಸರು ಅವನ ಬಾಯಿಗೆ ಹೊಂದುತ್ತಿರಲಿಲ್ಲ. ಲಾರಿಯವನ ಟವರು, ಧಣಿ ಟವರು ಎಂದೇ ಲೆಕ್ಕ. ಲಾರಿಯವನ ಟವರು ಬಾಗಿಲವರೆಗೆ ಬಂದು ಒಳಗೆ ಬರಲಿಲ್ಲ. ಧಣಿ ಟವರು ಬಂದ ಹಾಗೆ ಮಾಡಿ ಹೋಯಿತು.

ಕೊನೆಗೆ ಗೆದ್ದದ್ದು ಪುಷ್ಪಾವತಿಯ ಟವರು. ಅವಳು ಮಲ್ಪೆಯಿಂದ ಮೀನು ತಂದು ಬುಟ್ಟಿ ಹೊತ್ತು ಮನೆಮನೆಗೆ ಮಾರುವ ಹೆಂಗಸು. ಹುಸೇನಪ್ಪನಿಗೆ ಬಂಗುಡೆ ಕೊಟ್ಟು, ತಿನ್ನಲು ಕಲಿಸಿದವಳೂ ಅವಳೇ. ಅವಳ ಫೋನು ಮೀನಿನ ಪೊರೆ ಅಂಟಿಕೊಂಡು ಮಿನುಗುತ್ತಿತ್ತು. ಒಳಗೆ ಇಟ್ಟರೆ ಎಲ್ಲ ಗೆರೆಗಳೂ ಭರ್ತಿ! ಹುಸೇನಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದ. "ಎಂತ ಹುಸೇನಣ್ಣ, ಫೋನಿಗೆ ನಮಸ್ಕಾರ ಮಾಡ್ತೀರಾ?" ಎಂದು ಪುಷ್ಪಾವತಿ ನಕ್ಕಳು.

ಆ ಸಂಜೆ ಸೇತುವೆಯ ಮೇಲೆ ನಿಂತು, ಲೀಲಾಧರ ಕಲಿಸಿಕೊಟ್ಟ ಹಾಗೆ ಮೆಸೇಜು ಕಳಿಸಿದ. ಒಂದು ಕೋಡು ಬಂತು. ನಾಲ್ಕು ದಿನದೊಳಗೆ ಅದನ್ನೂ ಆಧಾರ್ ಕಾರ್ಡನ್ನೂ ಹಿಡಿದು ಅಂಗಡಿಗೆ ಹೋಗಿ ಬೆರಳು ಒತ್ತಿದರೆ ಮುಗಿಯಿತು. ಇಷ್ಟೇ ಕೆಲಸ. ಇಷ್ಟೇ ಕೆಲಸ ಅವನು ಮಾಡಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮರುದಿನ ಅದೇ ಹೊತ್ತಿಗೆ ಸೇತುವೆಯ ಮೇಲೆ ಇದ್ದಾಗ ಫೋನು ಬಡಿದುಕೊಂಡಿತು. ಮಗಳೆಂದು ಹಾರಿಬಿದ್ದು ಎತ್ತಿದ. ಅಲ್ಲ. ಹಳೆಯ ಕಂಪನಿಯಿಂದ ಒಂದು ಹುಡುಗಿ. ಅನ್ನಪೂರ್ಣ ಎಂದು ಹೆಸರು ಹೇಳಿ, ತಾವು ನಮ್ಮ ಸೇವೆಯನ್ನು ಬಿಟ್ಟುಹೋಗಲು ಬಯಸಿರುವ ಕಾರಣವನ್ನು ತಿಳಿಯಬಹುದೇ ಎಂದು ಓದಿದ ಹಾಗೆ ಕೇಳಿದಳು. ಹುಸೇನಪ್ಪ ತನಗೆ ಬಂದ ಹಾಗೆ ಹೇಳಿದ, ಯವ್ವಾ, ಇಲ್ಲಿ ಟವರ್ ಹತ್ತಂಗಿಲ್ಲ, ಮಗಳ ಫೋನ್ ಬರಂಗಿಲ್ಲ ಎಂದು.

 ಆ ಕಡೆ ಓದುವ ದನಿ ಹೋಗಿ ಬೇರೆಯೇ ಒಂದು ದನಿ ಬಂತು. "ಯಾವೂರ್ರೀ ಕಾಕಾ ನಿಮ್ಮದು?"

ಅಷ್ಟೇ ಸಾಕಾಯಿತು. ಹುಸೇನಪ್ಪ ಸೇತುವೆಯ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಹುಡುಗಿ ಗದಗ ಕಡೆಯವಳು, ಹುಬ್ಬಳ್ಳಿಯಲ್ಲಿ ಕುಳಿತು ಈ ಕೆಲಸ ಮಾಡುತ್ತಾಳೆ. ಊಟ ಆತೇನ್ರೀ ಎಂದು ಕೇಳಿದಳು. ರೊಟ್ಟಿ ಸಿಗ್ತಾವೇನ್ರೀ ಅಲ್ಲಿ, ಯಾರು ಬಡಿದು ಕೊಡ್ತಾರ್ರೀ ಎಂದು ಕೇಳಿದಳು. ಅವನೇ ಬಡಿಯುತ್ತಾನೆಂದಾಗ ಅಯ್ಯ ಪಾಪ ಎಂದಳು.  ಇಷ್ಟು ಊರು ಬಿಟ್ಟ, ಇಷ್ಟು ಕೆಲಸ ಬಿಟ್ಟ, ಯಾಕೆ ಬಿಟ್ಟು ಹೋಗುತ್ತೀಯಪ್ಪಾ ಎಂದು ಯಾವ ಮೇಸ್ತ್ರಿಯೂ ಯಾವ ಧಣಿಯೂ ಕೇಳಿರಲಿಲ್ಲ. ಕೇಳಿದವಳು ಇವಳೊಬ್ಬಳು.

ಕೊನೆಯಲ್ಲಿ ಅವಳು ತನ್ನ ಕೆಲಸದ ಮಾತಿಗೂ ಬಂದಳು. ಟವರಿನ ದೂರು ಬರೆದುಕೊಂಡಿದ್ದೇನೆ, ಸರಿ ಮಾಡಿಸುತ್ತೇನೆ, ಒಬ್ಬರು ಬಿಟ್ಟು ಹೋಗದೆ ಉಳಿದರೆ ಇಲ್ಲಿ ನನಗೂ ಒಳ್ಳೆಯ ಹೆಸರು ಬರುತ್ತದೆ, ನೀವು ಹೋಗಬೇಡಿ ಎಂದಳು.

"ಆತವ್ವಾ," ಎಂದ ಹುಸೇನಪ್ಪ. "ಹೋಗಂಗಿಲ್ಲ. ಮಾತು ಕೊಟ್ಟೀನಿ."

ಕಂಪನಿಗೆ ಯಾರಾದರೂ ಮಾತು ಕೊಡುತ್ತಾರೆಯೇ? ನಾವು ನೀವಾಗಿದ್ದರೆ ಹೂಂ ಹೂಂ ಎಂದು ಫೋನು ಇಟ್ಟು, ನೆಟ್ಟಗೆ ಅಂಗಡಿಗೆ ಹೋಗುತ್ತಿದ್ದೆವು. ಆದರೆ ಹುಸೇನಪ್ಪನ ಕಡೆಯಲ್ಲಿ ಹೆಣ್ಣುಮಗಳೊಬ್ಬಳು ಕಾಕಾ ಎಂದು ಕರೆದು ಒಂದು ಕೇಳಿದರೆ, ಕೊಟ್ಟ ಮಾತನ್ನು ನುಂಗುವ ಹಾಗಿಲ್ಲ. ಅವನಿಗೆ ಅದು ಕಂಪನಿ ಅಲ್ಲ, ಗದಗ ಕಡೆಯ ಹುಡುಗಿ. ಕೋಡಿನ ವಾಯಿದೆ ಸುಮ್ಮನೆ ಮುಗಿಯಿತು. ಲೀಲಾಧರ ಕೇಳಿ ಹಣೆ ಚಚ್ಚಿಕೊಂಡ. ಅವರು ದಿನಕ್ಕೆ ನೂರು ಜನರ ಹತ್ತಿರ ಹಾಗೇ ಮಾತಾಡ್ತಾರೆ ಮಾರಾಯ, ಅದು ಅವರ ಸಂಬಳದ ಕೆಲಸ ಎಂದು ಬಿಡಿಸಿ ಹೇಳಿದ. ಹುಸೇನಪ್ಪ ನಕ್ಕ. ಈ ಲೀಲಾಧರನಿಗೆ ಏನು ಗೊತ್ತು ಎಂದು ಅವನಿಗೆ ಒಳಗೊಳಗೇ ಅನಿಸಿತ್ತು.

ಸಂಜೆ ಸೇತುವೆಗೆ ಹೋಗುವುದರಲ್ಲಿ ಈಗ ಎರಡು ಆಸೆ ಸೇರಿಕೊಂಡವು. ಮಗಳು ಮಾಡಬಹುದು, ಆ ಹುಡುಗಿಯೂ ಮಾಡಬಹುದು. ಹುಡುಗಿ ಮಾಡಿಯೂ ಮಾಡಿದಳು. ಗುರುವಾರ ನಮ್ಮ ಎಂಜಿನಿಯರು ಬಂದು ಮೀಟರು ಹಿಡಿದು ನೋಡುತ್ತಾರೆ, ಹಗಲಿನಲ್ಲಿ ಯಾವಾಗ ಬೇಕಾದರೂ ಬರಬಹುದು, ನೀವು ಜಾಗ ಬಿಟ್ಟು ಎಲ್ಲೂ ಹೋಗಬೇಡಿ ಎಂದಳು. ಈ ಸಲ ಅವಸರದಲ್ಲಿದ್ದಳು, ಊಟದ ಮಾತು ಬರಲಿಲ್ಲ. ಆದರೂ ಕಾಕಾ ಎಂದಳು.

ಗುರುವಾರ ಹುಸೇನಪ್ಪ ಕೋಣೆ ಗುಡಿಸಿದ. ಬಿಳಿ ಅಂಗಿ ಹಾಕಿಕೊಂಡ. ಬರುವವರಿಗೆ ಕುಳಿತುಕೊಳ್ಳಲು ಸಿಮೆಂಟು ಚೀಲದ ಮೇಲೆ ಟವೆಲು ಹಾಸಿದ, ಚಹಕ್ಕೆ ಹಾಲು ತಂದಿಟ್ಟ. ಮಧ್ಯಾಹ್ನವಾಯಿತು. ಹಾದಿಯಲ್ಲಿ ಬೈಕಿನ ಸದ್ದು ಕೇಳಿದಾಗಲೆಲ್ಲ ಎದ್ದು ನಿಂತ. ಪುಷ್ಪಾವತಿ ಖಾಲಿ ಬುಟ್ಟಿ ಹಿಡಿದು ಮನೆಗೆ ಮರಳುವಾಗ, ಇಷ್ಟು ಚಂದ ಮಾಡಿಕೊಂಡು ಯಾರಿಗೆ ಕಾಯುವುದು ಎಂದು ತಮಾಷೆ ಮಾಡಿದಳು. ಟವರಿನವರು ಬರ್ತಾರ್ರೀ ಅಕ್ಕಾರ ಎಂದ. ಹಾಲು ಹುಳಿಯಾಯಿತು, ಬಿಸಿಲು ಹೊಳೆಯ ಆಚೆಗೆ ಸರಿಯಿತು, ಯಾರೂ ಬರಲಿಲ್ಲ. ಫೋನಿನ ಹುಡುಗಿಗೆ ಏನೋ ತೊಂದರೆ ಆಗಿರಬೇಕು ಎಂದೇ ಆ ಪುಣ್ಯಾತ್ಮ ಅಂದುಕೊಂಡ.

ಕತ್ತಲಾಗುವ ಮೊದಲು ಸೇತುವೆಗೆ ಹೋದ. ಎರಡು ಗೆರೆ ಮೂಡಿದ್ದೇ ತಡ, ಫೋನು ಕೈಯಲ್ಲಿ ನಡುಗಲು ಶುರುವಾಯಿತು. ನಿಮಗೆ ಈ ನಂಬರಿನಿಂದ ಕರೆ ಬಂದಿತ್ತು, ಮತ್ತೆ ಕರೆ ಬಂದಿತ್ತು, ಮತ್ತೆ ಬಂದಿತ್ತು. ಮೆಸೇಜಿನ ಮೇಲೆ ಮೆಸೇಜು. ಎಲ್ಲವೂ ಒಂದೇ ನಂಬರು, ಮಗಳ ಪಕ್ಕದ ಮನೆಯವಳದ್ದು. ಬೆಳಗಿನಿಂದ ಮಧ್ಯಾಹ್ನ ದಾಟುವವರೆಗೂ ಮಾಡಿದ್ದಾರೆ. ಯಾರಿಗೋ ಏನೋ ಆಯಿತೆಂದು ಹುಸೇನಪ್ಪ ಅಂದುಕೊಂಡ. ನೆರೆಯವರ ಕಿರಿಕಿರಿ ಅತ್ತ ಹೋಗಲಿ ಎಂದು ಒತ್ತಿದ.

ಪಕ್ಕದ ಮನೆಯವಳೇ ಎತ್ತಿದಳು. ಹಿಂದೆ ಬಸ್ಸಿನ ಗದ್ದಲ. ಅವಳು ಹೇಳಿದ್ದನ್ನು ಹುಸೇನಪ್ಪ ಎರಡು ಸಲ ಹೇಳಿಸಿಕೊಂಡ. ಓಣಿಯ ಹೆಂಗಸರೆಲ್ಲ ಸೇರಿ ಸರಕಾರಿ ಬಸ್ಸು ಹತ್ತಿ ಧರ್ಮಸ್ಥಳಕ್ಕೆ ಬಂದಿದ್ದರಂತೆ, ಹೆಂಗಸರಿಗೆ ಟಿಕೇಟು ಇಲ್ಲವಲ್ಲ. ಹೊರಡುವ ಹೊತ್ತಿಗೆ ಅತ್ತೆ ರಾಜಶ್ರೀಗೂ ಏಳು, ನೀನೂ ಬಾ ಎಂದಳಂತೆ. ಅಲ್ಲಿಂದ ಇವತ್ತು ಬೆಳಿಗ್ಗೆ ಉಡುಪಿಗೆ. ರಾಜಶ್ರೀ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗಿನಿಂದ ಅಪ್ಪನಿಗೆ ಫೋನು ಹಚ್ಚುತ್ತಲೇ ಇದ್ದಳಂತೆ. ಕೃಷ್ಣನ ಗುಡಿಯ ಮುಂದೆ, ರಥಬೀದಿಯಲ್ಲಿ, ಊಟಕ್ಕೆ ಕುಳಿತಾಗಲೂ. ಅಪ್ಪ ಇಲ್ಲೇ ಇದ್ದಾನೆ, ಬಂದೇ ಬರುತ್ತಾನೆ ಎಂದು ಎಲ್ಲರಿಗೂ ಹೇಳಿದ್ದಳಂತೆ. ಯಾವ ಊರು, ಯಾರ ಕಟ್ಟಡ ಎಂದು ಕೇಳಿದರೆ ಅವಳಿಗೆ ತಿಳಿಯದು. ಒಂದು ಬಸ್ಸು ಬಿಟ್ಟು ಇನ್ನೊಂದಕ್ಕೆ ಕಾದರು. ಇನ್ನು ಕಾದರೆ ಊರು ಮುಟ್ಟುವುದಿಲ್ಲವೆಂದು ಹತ್ತಿದರು. ಈಗ ಬಸ್ಸು ಕುಂದಾಪುರ ದಾಟಿದೆ.

ಕೆಮ್ಮಣ್ಣಿನಿಂದ ಉಡುಪಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು ಹೇಳಿ? ಒಂದು ಚಹ ಕುಡಿದು ಎಲೆ ಅಡಿಕೆ ಜಗಿಯುವಷ್ಟು ಹೊತ್ತು. ಹುಸೇನಪ್ಪನ ಮೈಮೇಲೆ ಆ ಬಿಳಿ ಅಂಗಿ ಇನ್ನೂ ಇತ್ತು.

"ಅತ್ತು ಅತ್ತು ಈಗ ಕಣ್ಣ ಮುಚ್ಯಾಳ್ರೀ ಕಾಕಾ," ಎಂದಳು ಪಕ್ಕದ ಮನೆಯವಳು. "ಎಬ್ಬಿಸ್ಲೇನ್ರೀ?"

ಹುಸೇನಪ್ಪನ ಬಾಯಿಗೆ ಹೂಂ ಎಂಬ ಮಾತು ಬಂದೇ ಬಿಟ್ಟಿತ್ತು. ತಡೆದ.

"ಬ್ಯಾಡವ್ವಾ. ಮಲಗ್ಲಿ."

ಮರುದಿನ ಸೂರ್ಯ ಏರುವ ಮೊದಲೇ ಅವನು ಸೇತುವೆಗೆ ಹೋಗಿ ಮತ್ತೆ ಪೋರ್ಟಿನ ಮೆಸೇಜು ಕಳಿಸಿ, ಲೀಲಾಧರನ ಅಂಗಡಿಯ ಶಟರಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಲೀಲಾಧರ ಬೈಯಲು ಬಾಯಿ ತೆರೆದವನು ಅವನ ಮುಖ ನೋಡಿ ಸುಮ್ಮನೆ ಶಟರು ಎತ್ತಿದ. ಕಲ್ಲು, ಕಬ್ಬಿಣ ಹಿಡಿದು ಸವೆದ ಬೆರಳನ್ನು ಯಂತ್ರ ಬೇಗನೆ ಒಪ್ಪಲಿಲ್ಲ. ಲೀಲಾಧರ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದೊಂದೇ ಬೆರಳು ಇಡಿಸಿ, ಕೊನೆಗೆ ಕಿರುಬೆರಳಿನಲ್ಲಿ ಕೆಲಸ ಮಾಡಿಸಿದ. ಪುಷ್ಪಕ್ಕನ ಟವರಿನ ಸಿಮ್ಮು ಕೈಗೆ ಬಂತು. ಹಳೆಯದು ಸಾಯುವವರೆಗೆ ಎರಡು ಮೂರು ದಿನ ಕಾಯಬೇಕು.

ಆ ನಡುವೆ ಹಳೆಯ ಕಂಪನಿಯಿಂದ ಮತ್ತೆ ಕರೆ ಬಂತು. ಅವನು ಪೇಟೆಯಲ್ಲಿದ್ದ. ಬೇರೊಬ್ಬ ಹುಡುಗ, ಅದೇ ಓದುವ ಮಾತು, ತಾವು ನಮ್ಮ ಸೇವೆಯನ್ನು ಬಿಟ್ಟುಹೋಗಲು. ಹುಸೇನಪ್ಪನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾಚಿಕೆ ಬಿಟ್ಟು, ಅಲ್ಲಿ ಅನ್ನಪೂರ್ಣ ಇದ್ದಾಳೇನಪ್ಪಾ ಎಂದು ಕೇಳಿದ. ಯಾವ ಅನ್ನಪೂರ್ಣ ಸರ್, ಇಲ್ಲಿ ನೂರಾರು ಜನ ಇದ್ದೇವೆ ಎಂದ ಹುಡುಗ.

"ಅಕಿಗೆ ಹೇಳಪ್ಪಾ," ಎಂದ ಹುಸೇನಪ್ಪ, "ಕಾಕಾ ಮಾತು ತಪ್ಪಿದ ಅಂತ."

ಹೊಸ ಟವರು ಬಂತು. ಕೋಣೆಯಲ್ಲಿ, ಚಾಪೆಯ ತಲೆದೆಸೆಯಲ್ಲಿ, ಒಲೆಯ ಪಕ್ಕದಲ್ಲಿ, ಎಲ್ಲಿಟ್ಟರೂ ಗೆರೆಗಳು ಭರ್ತಿ. ಇನ್ನು ಸೇತುವೆಗೆ ಹೋಗುವ ಕೆಲಸವೂ ಇರಲಿಲ್ಲ. ಅಲ್ಲಿ ಸರಿಯಿರಿ ಅಜ್ಜಾ ಎನ್ನುತ್ತಿದ್ದ ಮಂದಿಯ ಮಾತೂ ತಪ್ಪಿತು. ಫೋನನ್ನು ಎದುರಿಗಿಟ್ಟುಕೊಂಡು ರೊಟ್ಟಿ ಬಡಿಯುತ್ತಿದ್ದ, ಉಣ್ಣುತ್ತಿದ್ದ, ಮಲಗುತ್ತಿದ್ದ. ಅದು ಬಡಿದುಕೊಳ್ಳಲಿಲ್ಲ. ಮಗಳಿಗೆ ಸಿಟ್ಟು ಬಂದಿದೆಯೋ, ಪಕ್ಕದ ಮನೆಯವಳು ಫೋನು ಕೊಡುತ್ತಿಲ್ಲವೋ ಎಂದು ತಲೆ ಕೆಡಿಸಿಕೊಂಡ. ಮೊದಲು ಟವರು ಇಲ್ಲವೆಂದು ಸಮಾಧಾನ ಹೇಳಿಕೊಳ್ಳಬಹುದಿತ್ತು, ಈಗ ಅದೂ ಇಲ್ಲ.

ಒಂದು ಮಧ್ಯಾಹ್ನ ಬಡಿದುಕೊಂಡಿತು. "ಎಪ್ಪಾ," ಎಂದಳು ರಾಜಶ್ರೀ. ಪಕ್ಕದಲ್ಲೇ ಕುಳಿತು ಮಾತಾಡಿದಷ್ಟು ಸ್ಪಷ್ಟ.

ಅವನು ಎಂಜಿನಿಯರಿಗೆ ಕಾದದ್ದನ್ನು ಹೇಳಲು ಹೋದ, ಗದಗದ ಹುಡುಗಿಯ ಕಥೆ ಬಾಯಿಗೆ ಬರಲಿಲ್ಲ. ಟವರ್ ಇರಲಿಲ್ಲವ್ವಾ, ಈಗ ಬದಲಿ ಮಾಡೀನಿ ಎಂದಷ್ಟೇ ಹೇಳಿದ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೃಷ್ಣನನ್ನು ಕಿಂಡಿಯಿಂದ ನೋಡಿದ್ದು, ಅತ್ತೆಯ ಚಪ್ಪಲಿ ಕಳೆದದ್ದು ಎಲ್ಲ ಹೇಳಿದಳು. ಇನ್ನೊಮ್ಮೆ ಯಾವಾಗ ಬರ್ತಿ ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಊಟ ಚಲೋ ಇತ್ತೇನು ಎಂದು ಕೇಳಿದ.

"ಚಲೋ ಇತ್ತು. ಪಂಕ್ತಿಯೊಳಗ ನನ್ನ ಬಾಜೂಕ ನಿನಗ ಜಾಗ ಹಿಡದಿದ್ನೆಪ್ಪಾ. ಚೀಲ ಇಟ್ಟು ಕುಂತಿದ್ದೆ, ಈಗ ಬರ್ತಾನ, ಈಗ ಬರ್ತಾನ ಅಂತ. ಬಡಸಾಕ ಬಂದವರು ಜಾಗ ಖಾಲಿ ಬಿಡಬ್ಯಾಡ್ರಿ ಅಂದ್ರು. ಚೀಲ ತೊಡಿ ಮ್ಯಾಲ ಇಟ್ಟುಕೊಂಡೆ. ಯಾರೋ ಒಬ್ಬ ಮುದುಕ ಬಂದು ಕುಂತ. ನಿನ್ನ ವಯಸ್ಸಿನಂವ."

 ಕೇಳಸ್ತೈತೇನಪ್ಪಾ, ಟವರ್ ಹೋತೇನು ಎಂದು ಆ ಕಡೆಯಿಂದ ಅವಳು ಕೇಳುತ್ತಿದ್ದಳು.

"ಕೇಳಸ್ತೈತವ್ವಾ," ಎಂದ. "ಅಂವ ಹೊಟ್ಟಿ ತುಂಬ ಉಂಡನೇನು?"